ಡೂಪ್ಲಿಕೇಟ್ ಹಾಯಿ ಕಟ್ಟಿಕೊಂಡು ಲೇಸರ್ ರೇಸ್‌ಗೆ ಇಳಿಯಬಹುದಾ?

ಓದುಗರ ಪ್ರಶ್ನೆ: ಹಳೇ ಲೇಸರ್ ಬೋಟ್ (ಒಬ್ಬರೇ ಓಡಿಸುವ ಸಣ್ಣ ಹಾಯಿದೋಣಿ) ಒಂದನ್ನು ತಗೊಂಡಿದ್ದೇನೆ. ಹಾಯಿ ಪೂರ್ತಿ ಹಿಂಜಿಹೋಗಿದೆ. ಒರಿಜಿನಲ್ ಹಾಯಿಯ ರೇಟ್ ಕೇಳಿದರೆ ತಲೆ ತಿರುಗುತ್ತೆ. ಅದೇ ಅಳತೆ, ಅದೇ ಆಕಾರದ ಬೇರೆ ಹಾಯಿ ಎಷ್ಟೋ ಕಡಿಮೆಗೆ ಸಿಗ್ತಿದೆ. ಒಂದಿಂಚೂ ವ್ಯತ್ಯಾಸ ಇಲ್ಲ ಅಂದಮೇಲೆ ರೇಸ್‌ನಲ್ಲಿ ಬಳಸಿದರೆ ಏನು ತಪ್ಪು?

ಪ್ರಾಕ್ಟೀಸ್‌ಗೆ ಧಾರಾಳವಾಗಿ ಬಳಸಿ. ಕ್ಲಾಸ್ ರೂಲ್ಸ್, ಅಂದರೆ ಒಂದೊಂದು ಮಾದರಿಯ ಬೋಟ್‌ಗೂ ಇರುವ ನಿಯಮಗಳ ಪ್ರಕಾರ ನಡೆಯುವ ರೇಸ್‌ಗೆ ಮಾತ್ರ ಆಗುವುದಿಲ್ಲ.

ನಾನೂ ಇದೇ ಪೆಟ್ಟು ತಿಂದವನು. ಮೊದಲ ದೊಡ್ಡ ರೇಸ್‌ಗೆ ಇಂಥದ್ದೇ ಡೂಪ್ಲಿಕೇಟ್ ಹಾಯಿ ತಗೊಂಡು ಹೋದಾಗ ನಾನೇ ಟೇಪ್ ಹಿಡಿದು ಮೂರು ಸಲ ಅಳೆದು, 7.06 ಚದರ ಮೀಟರ್ ಸರಿಯಾಗಿದೆ ಅಂತ ಧೈರ್ಯವಾಗಿ ಕ್ಯೂನಲ್ಲಿ ನಿಂತಿದ್ದೆ. ಶಾಮಿಯಾನದ ಕೆಳಗೆ ಟಾರ್ಪಾಲಿನ್ ಮೇಲೆ ಹಾಯಿ ಹರಡಿದೆ. ಮೆಷರರ್ (ರೇಸ್‌ಗೆ ಮೊದಲು ಬೋಟ್ ತಪಾಸಣೆ ಮಾಡುವವರು) ಟೇಪನ್ನು ಕೈಗೇ ತಗೊಳ್ಳಲಿಲ್ಲ. ಬಗ್ಗಿ ಹಾಯಿಯ ಕೆಳಗಿನ ಮುಂದಿನ ಮೂಲೆ ನೋಡಿದರು, ಬೆರಳಿಂದ ಸವರಿದರು, "ಬಟನ್ ಎಲ್ಲಿ?" ಅಂದರು. ಅಷ್ಟೇ. ಆ ಮೂಲೆಯಲ್ಲಿ ಕ್ಲಾಸ್‌ನವರ ಗುರುತಿನ ಸಣ್ಣ ಬಟನ್ ಇರಬೇಕು. ನನ್ನದರಲ್ಲಿ ಬರೀ ಹೊಲಿಗೆ ಇತ್ತು.

ಅಂದರೆ ಈ ಕ್ಲಾಸ್‌ನಲ್ಲಿ ಕೇಳುವ ಮೊದಲ ಪ್ರಶ್ನೆ "ಎಷ್ಟಿದೆ" ಅಂತಲ್ಲ, "ಯಾರು ಮಾಡಿದ್ದು" ಅಂತ. ಬೋಟ್, ಮಾಸ್ಟ್ (ಹಾಯಿ ಕಟ್ಟುವ ಕಂಬ), ಹಾಯಿ, ಕೊನೆಗೆ ಹಾಯಿಯೊಳಗೆ ತೂರಿಸುವ ಪಟ್ಟಿಗಳೂ ಒಪ್ಪಿಗೆ ಪಡೆದ ತಯಾರಕರಿಂದಲೇ ಬರಬೇಕು. ರೂಲ್ ಪುಸ್ತಕದಲ್ಲಿ ಮಾಡಬಹುದು ಅಂತ ಬರೆದಿಲ್ಲದ್ದನ್ನು ಮಾಡುವಂತಿಲ್ಲ. ಬೇಡ ಅಂತ ಎಲ್ಲೂ ಬರೆದಿಲ್ವಲ್ಲ ಅನ್ನೋ ವಾದ ಇಲ್ಲಿ ನಡೆಯುವುದಿಲ್ಲ. ದಿಕ್ಸೂಚಿ ಹಾಕಿಕೊಳ್ಳಿ, ಅದಕ್ಕೆ ಅನುಮತಿ ಇದೆ. ಮೇನ್‌ಶೀಟ್, ಅಂದರೆ ಹಾಯಿಯನ್ನು ಎಳೆದು ಬಿಡುವ ಹಗ್ಗ, ಯಾವ ಅಂಗಡಿಯದ್ದಾದರೂ ಸರಿ, ಆದರೆ ಉದ್ದಕ್ಕೂ ಒಂದೇ ದಪ್ಪ ಇರಬೇಕು. ಬೋಟಿನ ತಳಕ್ಕೆ ಪಾಲಿಶ್ ಹಾಕಬಹುದು. ವೇಗ ಬರಲಿ ಅಂತ ಉಜ್ಜಿ ಆಕಾರ ಬದಲಾಯಿಸಿದರೆ ತಪ್ಪು.

ಎಲ್ಲಾ ಕ್ಲಾಸ್‌ಗಳೂ ಹೀಗಲ್ಲ. ಮಕ್ಕಳು ಓಡಿಸುವ ಆಪ್ಟಿಮಿಸ್ಟ್ ನೋಡಿ. ಅಲ್ಲಿ ನಿಜವಾಗಲೂ ಅಳೀತಾರೆ, ತೂಗ್ತಾರೆ. ಹಲ್ (ಬೋಟಿನ ಒಡಲು) 35 ಕೆಜಿಗಿಂತ ಹಗುರ ಇದ್ದರೆ ಕಡಿಮೆ ಬಿದ್ದಷ್ಟು ತೂಕವನ್ನು ಬೋಟ್‌ಗೇ ಬಿಗಿದು ದಾಖಲೆ ಮಾಡ್ತಾರೆ. ಆದರೆ ಅಳತೆ ಇದ್ದಲ್ಲಿ ಜಾಣರೂ ಇರ್ತಾರೆ ಅಲ್ವಾ! ಫಿನ್ ಅನ್ನೋ ಇನ್ನೊಂದು ಹಾಯಿದೋಣಿ ಕ್ಲಾಸ್‌ನಲ್ಲಿ ಇದರ ಒಳ್ಳೇ ಕಥೆ ಇದೆ. ಬೋಟಿನ ಎರಡೂ ತುದಿಗಳನ್ನು ಹಗುರ ಮಾಡಿ, ಉಳಿಸಿದ ತೂಕವನ್ನು ಮಧ್ಯಕ್ಕೆ ಸೇರಿಸಿದರೆ ತಕ್ಕಡಿಗೆ ಏನೂ ಗೊತ್ತಾಗುವುದಿಲ್ಲ, ನೀರಲ್ಲಿ ಮಾತ್ರ ಅಲೆ ಮೇಲೆ ಸಲೀಸಾಗಿ ಏರಿಳಿಯುತ್ತೆ. ಇದನ್ನು ಹಿಡಿಯೋಕೆ ಫ್ರಾನ್ಸಿನ ಗಿಲ್ಬರ್ಟ್ ಲಾಂಬೊಲೇ ಒಂದು ಪರೀಕ್ಷೆ ಹುಡುಕಿದರು. ಬೋಟನ್ನು ತೊಟ್ಟಿಲ ಥರ ನೇತುಹಾಕಿ ತೂಗಿಸುವುದು, ಒಂದು ತೂಗಾಟಕ್ಕೆ ಎಷ್ಟು ಸೆಕೆಂಡ್ ಅಂತ ಗಡಿಯಾರ ನೋಡುವುದು. ತುದಿ ಹಗುರ ಇದ್ದರೆ ಬೇಗ ಬೇಗ ತೂಗುತ್ತೆ, ಸಿಕ್ಕಿಬೀಳುತ್ತೆ.

ಲೇಸರ್‌ನವರು ಈ ಕಳ್ಳ-ಪೊಲೀಸ್ ಆಟವೇ ಬೇಡ ಅಂತ ಕಾರ್ಖಾನೆಯಲ್ಲೇ ಬೀಗ ಹಾಕಿದರು. ಹಾಗಾಗಿಯೇ ಒಲಿಂಪಿಕ್ಸ್‌ನಲ್ಲಿ ಈ ಕ್ಲಾಸ್‌ಗೆ ಬೋಟ್‌ಗಳನ್ನು ಆಯೋಜಕರೇ ಕೊಡ್ತಾರೆ. ಟೋಕಿಯೋದಲ್ಲಿ ನಮ್ಮ ವಿಷ್ಣು ಸರವಣನ್, ನೇತ್ರಾ ಕುಮನನ್ ಓಡಿಸಿದ್ದೂ ಹಾಗೆ ಕೊಟ್ಟ ಬೋಟ್‌ಗಳನ್ನೇ. ಬೆಲೆ ಜಾಸ್ತಿ ಅನ್ನೋ ಗೊಣಗಾಟ ನ್ಯಾಯವೇ, ನಾನೂ ಗೊಣಗ್ತೇನೆ. ಬೀಗದ ಕೀ ಕೆಲವರ ಕೈಯಲ್ಲೇ ಇದ್ದರೆ ರೇಟ್ ಇಳಿಯೋದು ಕಷ್ಟ. ಆದರೂ ಯಾರ್ಯಾರೋ ಹಾಯಿ ಹೊಲಿಯೋಕೆ ಬಿಟ್ಟರೆ "ಅದೇ ಅಳತೆ, ಸ್ವಲ್ಪ ಒಳ್ಳೇ ಬಟ್ಟೆ" ಅಂತ ಶುರುವಾಗಿ, ಕೊನೆಗೆ ದುಡ್ಡಿದ್ದವನೇ ಮುಂದೆ ಹೋಗ್ತಾನೆ.

ಒಂದು ಮಾತು ಗಮನದಲ್ಲಿರಲಿ: ಬೋಟ್ ರೂಲ್ ಪ್ರಕಾರ ಇದೆಯಾ ನೋಡಿಕೊಳ್ಳುವ ಹೊಣೆ ಮಾಲೀಕರದ್ದೇ, ರೇಸಿಂಗ್ ನಿಯಮ 78 ಹೇಳುವುದು ಅದನ್ನೇ. "ಮಾರಿದವನು ಓಕೆ ಅಂದಿದ್ದ" ಅಂದರೆ ಯಾರೂ ಕೇಳುವುದಿಲ್ಲ. ಪಕ್ಕದ ಸ್ಪರ್ಧಿ ಪ್ರೊಟೆಸ್ಟ್ (ಅಧಿಕೃತ ದೂರು) ಹಾಕಿದರೆ ರೇಸ್ ಹೋದ ಹಾಗೇ.

ನಿಮಗೆ ನನ್ನ ಸಲಹೆ, ಸೆಕೆಂಡ್ ಹ್ಯಾಂಡ್ ಒರಿಜಿನಲ್ ಹಾಯಿ ಹುಡುಕಿ. ಮೂಲೆಯ ಬಟನ್ ಇದೆಯಾ ನೋಡಿಯೇ ದುಡ್ಡು ಕೊಡಿ. ಹಾಯಿಯ ನಂಬರ್ ನಿಮ್ಮ ಬೋಟಿನದ್ದೇ ಆಗಿರಬೇಕು, ಹಾಗಾಗಿ ಹಳೇ ಅಂಕಿಗಳನ್ನು ಕೀಳಬೇಕಾಗುತ್ತೆ. ಉಗುರಿಂದ ಕೆರೆಯಬೇಡಿ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿ ನಿಧಾನ ಎಳೆದರೆ ಬರುತ್ತೆ.