ಫ್ರೆಟ್‌ಗಳ ನಡುವೆ ಗಮಕ: ‘ಶಕ್ತಿ’ಯ ಗಿಟಾರ್

ಶಿವಮೊಗ್ಗದಲ್ಲಿ ನನ್ನ ಬಳಿ ಗಿಟಾರ್ ಕಲಿಯುವ ಯುವಕರು ಜಾಜ್ ಮತ್ತು ಭಾರತೀಯ ಸಂಗೀತವನ್ನು ಬೆಸೆದ ‘ಶಕ್ತಿ’ ತಂಡದ ಮೊದಲ ಆಲ್ಬಮ್ಮಿನ ‘ಜಾಯ್’ ಕೇಳಿದೊಡನೆ, ತಂಡದ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ಅವರ ಆ ವೇಗವನ್ನು ಸಾಧಿಸುವುದು ಹೇಗೆಂದು ವಿಚಾರಿಸುತ್ತಾರೆ. ವೇಗ ಬೆರಗು ಹುಟ್ಟಿಸುವುದು ನಿಜವಾದರೂ, ನನ್ನ ದೃಷ್ಟಿಯಲ್ಲಿ ಅವರ ದೊಡ್ಡ ಸಾಧನೆಯೆಂದರೆ ಗಿಟಾರಿಗೆ ಗಮಕವನ್ನು, ಅಂದರೆ ಸ್ವರವನ್ನು ಜಾರಿಸಿ, ತೂಗಿಸಿ ನುಡಿಸುವ ಬಗೆಯನ್ನು, ಒಲಿಸಿಕೊಂಡದ್ದು.

1975ರ ಜುಲೈ 5ರಂದು ನ್ಯೂಯಾರ್ಕ್ ರಾಜ್ಯದ ಸೌತ್‌ಹ್ಯಾಂಪ್ಟನ್ ಕಾಲೇಜಿನಲ್ಲಿ ನಡೆದ ಕಚೇರಿಯೇ ಮರುವರ್ಷ ಈ ಆಲ್ಬಮ್ಮಾಗಿ ಹೊರಬಂತು. ಎಲ್. ಶಂಕರ್ ಅವರ ಪಿಟೀಲು, ಜಾಕಿರ್ ಹುಸೇನ್ ಅವರ ತಬಲಾ, ಆರ್. ರಾಘವನ್ ಅವರ ಮೃದಂಗ, ವಿನಾಯಕರಾಮ್ ಅವರ ಘಟ ಜೊತೆಗಿದ್ದವು. ಅದಕ್ಕೂ ಮೊದಲು ಮಹಾವಿಷ್ಣು ಆರ್ಕೆಸ್ಟ್ರಾ ಎಂಬ ಜಾಜ್-ರಾಕ್ ತಂಡದಲ್ಲಿ ಎಲೆಕ್ಟ್ರಿಕ್ ಗಿಟಾರಿನಿಂದ ಹೆಸರಾಗಿದ್ದ ಮೆಕ್‌ಲಾಫ್ಲಿನ್, ವಿದ್ವಾನ್ ಎಸ್. ರಾಮನಾಥನ್ ಅವರಲ್ಲಿ ವೀಣೆಯ ಪಾಠ ಪಡೆದಿದ್ದರು. ಆ ಪಾಠ ಅವರನ್ನು ಎಲ್ಲಿಗೆ ಕೊಂಡೊಯ್ದಿತೆಂಬುದು ಅವರ ವಾದ್ಯವನ್ನು ನೋಡಿದರೆ ತಿಳಿಯುತ್ತದೆ.

ಪಿಟೀಲಿನಲ್ಲಿ ಫ್ರೆಟ್‌ಗಳು, ಅಂದರೆ ಗಿಟಾರಿನ ಕತ್ತಿನ ಮೇಲಿರುವಂತಹ ಅಡ್ಡ ಲೋಹದ ಪಟ್ಟಿಗಳು, ಇಲ್ಲದ ಕಾರಣ ಬೆರಳು ಸ್ವರದಿಂದ ಸ್ವರಕ್ಕೆ ತಡೆಯಿಲ್ಲದೆ ಜಾರುತ್ತದೆ. ವೀಣೆಯಲ್ಲಿ ಮೆಟ್ಟಿಲುಗಳು ಎತ್ತರವಾಗಿರುವುದರಿಂದ ತಂತಿಯನ್ನು ಪಕ್ಕಕ್ಕೆ ಎಳೆದು ಒಂದೇ ಮೆಟ್ಟಿಲಿನಲ್ಲಿ ಮೇಲಿನ ಸ್ವರಗಳನ್ನೂ ನುಡಿಸಬಹುದು. ಸಾಮಾನ್ಯ ಗಿಟಾರಿನಲ್ಲಿ ಬೆರಳ ತುದಿ ಮರಕ್ಕೆ ಉಜ್ಜುವುದರಿಂದ ಅಂತಹ ಎಳೆತ ಕಷ್ಟವಾಗುತ್ತದೆ. ಗಿಟಾರ್ ತಯಾರಕ ಏಬ್ರಹಾಂ ವೆಕ್ಟರ್ ‘ಶಕ್ತಿ’ಗಾಗಿ ರೂಪಿಸಿದ ಗಿಬ್ಸನ್ ಕಂಪನಿಯ ಗಿಟಾರಿನಲ್ಲಿ ಫ್ರೆಟ್‌ಗಳ ನಡುವಿನ ಮರವನ್ನು ಕೆತ್ತಿ ತಗ್ಗು ಮಾಡಲಾಗಿತ್ತು, ಬೆರಳಿಗೆ ತಂತಿ ಮಾತ್ರ ತಾಗುತ್ತಿದ್ದುದರಿಂದ ಎಳೆತ ಸಲೀಸಾಯಿತು. ಸಿತಾರಿನ ತರಬ್ ತಂತಿಗಳಂತೆ ಅನುರಣಿಸುವ ಏಳು ತಂತಿಗಳನ್ನೂ ಅದಕ್ಕೆ ಓರೆಯಾಗಿ ಕಟ್ಟಲಾಗಿತ್ತು.

ಇದನ್ನು ತಿಳಿದ ಕೆಲವರು ತಮ್ಮ ಗಿಟಾರನ್ನೂ ಕೆತ್ತಿಸಲು ಮುಂದಾಗುತ್ತಾರೆ. ನಾನು ಬೇಡವೆನ್ನುತ್ತೇನೆ. ಕೆತ್ತಿದ ಮರವನ್ನು ಮತ್ತೆ ತುಂಬಿಸುವುದು ಸುಲಭವಲ್ಲ. ಕೆತ್ತಿದ ಗಿಟಾರಿನಲ್ಲಿ ತಂತಿಯ ಮೇಲೆ ತುಸು ಒತ್ತಡ ಹೆಚ್ಚಾದರೂ ಸ್ವರ ಏರಿಬಿಡುತ್ತದೆ. ನಮ್ಮ ಮಲೆನಾಡಿನಲ್ಲಂತೂ ಆಷಾಢ, ಶ್ರಾವಣದ ಮಳೆಯಲ್ಲಿ ಮರ ತೇವ ಹೀರಿ ಉಬ್ಬುವುದರಿಂದ ತಂತಿಗಳ ಎತ್ತರ ತಾನಾಗಿಯೇ ಬದಲಾಗುತ್ತದೆ. ಆ ದಿನಗಳಲ್ಲಿ ವಾದ್ಯಕ್ಕೆ ಯಾವ ಕೆತ್ತನೆಯನ್ನೂ ಮಾಡಿಸಬಾರದು.

ಅದರ ಬದಲು, ಇರುವ ಗಿಟಾರಿಗೆ ತೆಳುವಾದ ತಂತಿ ಹಾಕಿ, ತಂಬೂರಿಯ ಶ್ರುತಿ ಇಟ್ಟುಕೊಂಡು, ಷಡ್ಜದ ಫ್ರೆಟ್‌ನಿಂದ ಬೆರಳು ಕದಲಿಸದೆ ಚತುಶ್ರುತಿ ರಿಷಭದವರೆಗೆ (ಎರಡು ಫ್ರೆಟ್ ಮೇಲಿನ ‘ರಿ’) ತಂತಿಯನ್ನು ಎಳೆಯಿರಿ. ಮೊದಲು ಅದನ್ನು ಹಾಡಿ, ನಂತರ ನುಡಿಸಿ; ಎಳೆದ ಸ್ವರ ಹಾಡಿದ ಸ್ವರಕ್ಕೆ ಕೂಡದಿದ್ದರೆ ಮತ್ತೆ ಹಾಡಿ. ಕೇಳುವುದಕ್ಕೂ ‘ಜಾಯ್’ಗಿಂತ ಮೊದಲು ಅದೇ ಆಲ್ಬಮ್ಮಿನ ನಿಧಾನಗತಿಯ ‘ಲೋಟಸ್ ಫೀಟ್’ ಆರಿಸಿಕೊಳ್ಳಿ, ಏಕೆಂದರೆ ಪ್ರತಿ ಸ್ವರವೂ ಎಲ್ಲಿಂದ ಹೊರಟು ಎಲ್ಲಿ ನಿಲ್ಲುತ್ತದೆಂಬುದು ಅಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ.