ಕೊನೆ ಭಾಗದ ತೂಬು

ಹೋದ ಬೇಸಿಗೆಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರನ್ನು ಮಗ ತೋಳು ಹಿಡಿದು ನಡೆಸಿಕೊಂಡು ಬಂದ. ಎರಡು ದಿನದಿಂದ ಮಾತು ತಡವರಿಸುತ್ತಿತ್ತು. ಬಚ್ಚಲಿಗೆ ಹೋದವರು ವಾಪಸ್ ಬರುವ ದಾರಿ ಮರೆತು ಅಲ್ಲೇ ನಿಂತಿದ್ದರಂತೆ. ಮಗನಿಗೆ ಲಕ್ವ ಹೊಡೆದಿದೆಯೋ ಎಂಬ ಭಯ. ರಕ್ತ ಪರೀಕ್ಷೆ ಮಾಡಿಸಿದರೆ ಸೋಡಿಯಂ, ಅಂದರೆ ಉಪ್ಪಿನ ಅಂಶ, 118 ಇತ್ತು. ಇರಬೇಕಾದದ್ದು 135ರಿಂದ 145.

"ದಿನಕ್ಕೆ ಎಷ್ಟು ನೀರು ಕುಡೀತಾರೆ?" ಎಂದು ಕೇಳಿದೆ.

"ಐದಾರು ಲೀಟರ್ ಸರ್. ಕಿಡ್ನಿ ಕ್ಲೀನ್ ಆಗುತ್ತೆ ಅಂತ ಮೊಬೈಲಲ್ಲಿ ನೋಡಿದಾರೆ. ಊಟ ಮಾತ್ರ ಒಂದು ತುತ್ತು. ಬಿ.ಪಿ. ಮಾತ್ರೆ ಒಂದು ದಿನಾನೂ ತಪ್ಪಿಸಲ್ಲ."

ಮೇಷ್ಟ್ರ ತೊಂದರೆ ಅರ್ಥವಾಗಬೇಕಾದರೆ ಕಿಡ್ನಿಯ ಕಟ್ಟಕಡೆಯ ನಾಳದವರೆಗೆ ಹೋಗಬೇಕು. ನಮ್ಮ ಪುಸ್ತಕಗಳಲ್ಲಿ ಅದರ ಹೆಸರು ಕಲೆಕ್ಟಿಂಗ್ ಡಕ್ಟ್, ಅಂದರೆ ಸಂಗ್ರಹ ನಾಳ. ಹೆಸರು ಕೇಳಿದರೆ ಸುಮ್ನೆ ಮೂತ್ರ ಕೂಡಿಹಾಕುವ ಕೊಳವೆ ಅನ್ನಿಸುತ್ತದೆ. ಇಟ್ಟವರು ಸ್ವಲ್ಪ ಅನ್ಯಾಯವನ್ನೇ ಮಾಡಿದ್ದಾರೆ.

ದಾವಣಗೆರೆಯವರಿಗೆ ಭದ್ರಾ ನಾಲೆ ಗೊತ್ತು. ಮೇಲಿನವರು ಹರಿಸಿಕೊಂಡು ಮಿಕ್ಕಿದ್ದು ಕೊನೆ ಭಾಗದವರಿಗೆ. ಅದಕ್ಕಾಗಿ ಎಷ್ಟು ಸಲ ರಸ್ತೆಗಿಳಿದಿದ್ದೀರಿ, ಅಲ್ವಾ? ಕಿಡ್ನಿಯಲ್ಲೂ ಮೇಲಿನವರದ್ದೇ ದೊಡ್ಡ ಪಾಲು. ದಿನಕ್ಕೆ ಸುಮಾರು 180 ಲೀಟರ್ ನೀರು ರಕ್ತದಿಂದ ಸೋಸಿ ಇಳಿಯುತ್ತದೆ. ಮೂರರಲ್ಲಿ ಎರಡು ಪಾಲನ್ನು ಮೊದಲ ಹಂತವೇ ಯಾರನ್ನೂ ಕೇಳದೆ ರಕ್ತಕ್ಕೆ ವಾಪಸ್ ಎಳೆದುಕೊಳ್ಳುತ್ತದೆ. ಕೊನೆಗೆ ಹತ್ತರಲ್ಲಿ ಒಂದು ಪಾಲು, ಅಂದರೆ 18 ಲೀಟರಿನಷ್ಟು ಉಳಿಯುತ್ತದೆ. ಆದರೆ ಇಲ್ಲಿ ಕೊನೆ ಭಾಗದ್ದೇ ಕೊನೆ ಮಾತು. ಆ 18 ಲೀಟರೂ ಹೊರಗೆ ಹೋಗಬಹುದು, ಬರೀ ಅರ್ಧ ಲೀಟರ್ ಹೋಗಬಹುದು.

ಅಪ್ಪಣೆ ಬರುವುದು ಮಿದುಳಿನಿಂದ. ರಕ್ತ ನೂರಕ್ಕೆ ಒಂದೆರಡು ಪಾಲು ಗಟ್ಟಿಯಾದರೂ ಸಾಕು, ಅಲ್ಲಿನ ಹೈಪೋಥಾಲಮಸ್ ಎಂಬ ಭಾಗಕ್ಕೆ ಗೊತ್ತಾಗಿಬಿಡುತ್ತದೆ. ಅದರ ಕೆಳಗಿನ ಪಿಟ್ಯುಟರಿ ಗ್ರಂಥಿಯಿಂದ ವಾಸೋಪ್ರೆಸಿನ್ ಎಂಬ ಹಾರ್ಮೋನು ಹೊರಡುತ್ತದೆ. ಇದನ್ನು ನಮ್ಮ ನೀರುಗಂಟಿ ಅನ್ನೋಣ. ಸಂಗ್ರಹ ನಾಳದ ಜೀವಕೋಶಗಳ ಒಳಗೆ ಸಣ್ಣ ಸಣ್ಣ ಗುಳ್ಳೆಗಳಲ್ಲಿ ತೂಬುಗಳು ತಯಾರಾಗಿ ಕೂತಿರುತ್ತವೆ. ಅವುಗಳ ಹೆಸರು ಅಕ್ವಾಪೋರಿನ್-2. ನೀರುಗಂಟಿ ಬಂದು ಕದ ತಟ್ಟಿದ ಕೆಲವೇ ನಿಮಿಷಗಳಲ್ಲಿ ಅವು ಮೂತ್ರ ಹರಿಯುವ ಕಡೆಯ ಗೋಡೆಗೆ ಬಂದು ಕೂರುತ್ತವೆ. ನೀರು ಒಳಗೆ ನುಗ್ಗಿ, ಆಚೆ ಬದಿಯಿಂದ ರಕ್ತಕ್ಕೆ ಸೇರುತ್ತದೆ. ನೀರುಗಂಟಿ ಹೋದ ಮೇಲೆ ತೂಬುಗಳೂ ಮತ್ತೆ ಒಳಗೆ. ದೇಹದಲ್ಲಿ ಇಂಥ ನೀರಿನ ದಾರಿಗಳಿವೆ ಎಂದು ಕಂಡುಹಿಡಿದ ಪೀಟರ್ ಆಗ್ರೆ ಅವರಿಗೆ 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ನೀರೆಳೆಯಲು ಇಲ್ಲೆಲ್ಲೂ ಪಂಪ್ ಇಲ್ಲ. ಉಪ್ಪಿನಕಾಯಿಗೆ ಮಾವಿನ ಹೋಳು ಉಪ್ಪಲ್ಲಿ ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ನೀರು ಬಿಟ್ಟಿರುತ್ತದೆ. ಕಿಡ್ನಿಯ ಒಳಭಾಗವೂ ಹಾಗೇ, ಉಪ್ಪು ಮತ್ತು ಯೂರಿಯಾ ತುಂಬಿ ರಕ್ತಕ್ಕಿಂತ ನಾಲ್ಕು ಪಟ್ಟು ಗಟ್ಟಿಯಾಗಬಲ್ಲದು. ತೂಬು ತೆರೆದರೆ ಸಾಕು, ನೀರು ತಾನಾಗೇ ಆ ಕಡೆ ಹೋಗುತ್ತದೆ.

ಹಾಗಾದರೆ ಮೇಷ್ಟ್ರು ಕುಡಿದ ನೀರಿಗೆ ತೂಬು ಮುಚ್ಚಿ ಎಲ್ಲ ಹೊರಗೆ ಹೋಗಬೇಕಿತ್ತಲ್ಲ? ಮುಚ್ಚಿದರೆ ಮಾತ್ರ ಸಾಲದು. ಅಲ್ಲಿಗೆ ಬರುವಾಗಲೇ ನೀರು ತೆಳ್ಳಗಿರಬೇಕು. ಸ್ವಲ್ಪ ಮೇಲಿನ ನಾಳ ಉಪ್ಪನ್ನಷ್ಟೇ ಹೀರಿಕೊಂಡು ನೀರನ್ನು ತೆಳ್ಳಗೆ ಮಾಡಿ ಕಳಿಸುತ್ತದೆ. ಮೇಷ್ಟ್ರ ಬಿ.ಪಿ. ಮಾತ್ರೆ ಥಯಾಜೈಡ್ ಗುಂಪಿನದು, ಆ ಹೀರುವಿಕೆಯನ್ನೇ ತಡೆಯುವಂಥದ್ದು. ಮೂತ್ರದಲ್ಲಿ ಉಪ್ಪು ಹೋಯಿತು, ನೀರು ಒಳಗೇ ಉಳಿಯಿತು. ಮಾತ್ರೆ ಬದಲಿಸಿ, ನೀರು ಕಡಿಮೆ ಮಾಡಿಸಿ, ಸೋಡಿಯಂ ನಿಧಾನಕ್ಕೆ ಏರಿಸಿದೆವು. ಅವಸರದಲ್ಲಿ ಏರಿಸಿದರೆ ಮಿದುಳಿಗೇ ಪೆಟ್ಟು. ಮಗನಿಗೆ ಇದು ಒಪ್ಪಿಗೆಯಾಗಲು ಹೊತ್ತು ಹಿಡಿಯಿತು. "ನೀರು ಕುಡಿದು ಕಾಯಿಲೆ ಬರುತ್ತಾ ಸರ್?" ಅಂತ ಎರಡು ಸಲ ಕೇಳಿದ.

ಇದರ ತದ್ವಿರುದ್ಧ ಕಥೆ ಒಬ್ಬ ಹೆಣ್ಣುಮಗಳದ್ದು. ರಾತ್ರಿ ಐದಾರು ಸಲ ಏಳುತ್ತಿದ್ದಳು, ತಲೆದಿಂಬಿನ ಪಕ್ಕ ತಂಬಿಗೆ ತುಂಬಿದ ನೀರು ಇರಲೇಬೇಕು. ಮನೆಯವರು ಸಕ್ಕರೆ ಕಾಯಿಲೆ ಎಂದುಕೊಂಡೇ ಬಂದಿದ್ದರು. ಸಕ್ಕರೆ ಸರಿಯಾಗಿತ್ತು. ಮನಸ್ಸಿನ ಕಾಯಿಲೆಗೆಂದು ವರ್ಷಗಳಿಂದ ಲಿಥಿಯಂ ತಗೊಳ್ಳುತ್ತಿದ್ದಳು. ಆ ಔಷಧಿ ಅದೇ ನಾಳದ ಜೀವಕೋಶಕ್ಕೆ ಹೊಕ್ಕು ತೂಬುಗಳನ್ನು ಕಡಿಮೆ ಮಾಡುತ್ತದೆ. ನೀರುಗಂಟಿ ಬಂದು ಎಷ್ಟು ತಟ್ಟಿದರೂ ಕೇಳಿಸದು. ಇಂಥವರಿಗೆ "ನೀರು ಕಮ್ಮಿ ಕುಡಿ, ಏಳೋದು ತಪ್ಪುತ್ತೆ" ಎಂದು ಮನೆಯವರು ಹೇಳುವುದುಂಟು. ಅದು ಅಪಾಯ. ಬಾಯಾರಿಕೆಯೊಂದೇ ಅವಳನ್ನು ಕಾಪಾಡುತ್ತಿತ್ತು. ಹಾಗಂತ ಲಿಥಿಯಂ ಅನ್ನು ತಾವಾಗಿ ನಿಲ್ಲಿಸುವಂತೆಯೂ ಇಲ್ಲ. ಬರೆದುಕೊಟ್ಟ ಡಾಕ್ಟರ ಜೊತೆ ಕೂತು ಮಾತಾಡಬೇಕು.

ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಒಬ್ಬರು ಬೇರೆಯದೇ ಚಿಂತೆ ಹೊತ್ತು ಬರುತ್ತಾರೆ. "ಮೂತ್ರ ಹಳದಿ, ಅದೂ ಸ್ವಲ್ಪ. ಕಿಡ್ನಿ ಕೆಟ್ಟಿದೆಯಾ ಸರ್?" ಕೆಟ್ಟಿಲ್ಲ. ಬೆಂಕಿಯ ಮುಂದೆ ಬೆವರು ಸುರಿಸಿದವರಿಗೆ ನಾಳ ಹನಿ ಹನಿ ಉಳಿಸಿಕೊಡುತ್ತಿದೆ. ಆದರೆ ದಿನವೂ ಮೂತ್ರ ಅಷ್ಟು ಗಟ್ಟಿಯಾದರೆ ಕಲ್ಲು ಕಟ್ಟುವುದು ಜಾಸ್ತಿ. ಇವರಿಗೆ ಈಗಾಗಲೇ ಒಂದು ಕಲ್ಲು ಬಿದ್ದು ಹೋಗಿದೆ. ಅದಕ್ಕೇ ಎಷ್ಟು ಕುಡಿಯುತ್ತೀರಿ ಎಂದು ನಾನು ಕೇಳುವುದಿಲ್ಲ, ಎಷ್ಟು ಹೋಗುತ್ತದೆ ಎಂದು ಕೇಳುತ್ತೇನೆ. ಒಂದು ದಿನ ಹಳೆ ಬಾಟಲಿಯಲ್ಲಿ ಅಳೆಯಿರಿ, ಎರಡೂವರೆ ಲೀಟರ್ ಮೂತ್ರ ಬರುವಷ್ಟು ಕುಡಿಯಿರಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಮುಂದಿನ ಸಲ ಬಂದಾಗ ಲೆಕ್ಕ ಒಪ್ಪಿಸಿದರು. ಕೆಲಸವಿದ್ದ ದಿನ ಐದು ಲೀಟರ್ ಕುಡಿಯಬೇಕಾಯಿತಂತೆ, ರಜೆಯ ದಿನ ಮೂರು ಸಾಕಾಯಿತಂತೆ.