ಪುಣೆ ಹತ್ತಿರ ಹೊಳೆಮೀನು ನೋಡಲು ಎಲ್ಲಿಗೆ ಹೋಗಬೇಕು?

ಓದುಗರ ಪ್ರಶ್ನೆ: ನಾನು ಶೃಂಗೇರಿ ಕಡೆಯವಳು. ತುಂಗೆಯ ದೇವರ ಮೀನು ನೋಡುತ್ತಾ ಬೆಳೆದವಳು. ಈಗ ಪುಣೆಯ ಕೋಥ್ರೂಡ್‌ನಲ್ಲಿದ್ದೇವೆ. ಮಗಳಿಗೆ ಮೀನನ್ನು ಹೊಳೆಯಲ್ಲೇ ತೋರಿಸುವ ಆಸೆ. ಊರೊಳಗಿನ ಮುಠಾ ನದಿಯ ದಂಡೆಯಲ್ಲಿ ಹುಡುಕಿದರೆ ಏನೂ ಕಾಣಲಿಲ್ಲ. ಎಲ್ಲಿಗೆ ಹೋಗಲಿ?

ಊರೊಳಗಿನ ಮುಠೆಯನ್ನು ಸದ್ಯಕ್ಕೆ ಬಿಟ್ಟುಬಿಡಿ. ಚರಂಡಿ ನೀರು ಸೇರಿದ ಕಡೆ ಆಮ್ಲಜನಕ ಕಡಿಮೆ. ಅದನ್ನು ತಡೆದುಕೊಳ್ಳುವುದು ತಿಲಾಪಿಯಾ, ಗಪ್ಪಿಯಂಥ ಹೊರಗಿನಿಂದ ಬಂದ ಮೀನುಗಳು. 1839ರಲ್ಲಿ ಸೈಕ್ಸ್ ಎಂಬ ಅಧಿಕಾರಿ ದಖ್ಖನ್ ಮಹಸೀರ್ ಎಂಬ ಹೊಳೆಮೀನನ್ನು ವಿಜ್ಞಾನಕ್ಕೆ ಮೊದಲು ವರ್ಣಿಸಿದ್ದು ಇದೇ ಮುಳಾ-ಮುಠಾ ನದಿಯಿಂದ. ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಅಣೆಕಟ್ಟುಗಳಿಗಿಂತ ಮೇಲಕ್ಕೆ ಹೋಗಿ. ಮುಳಶಿ, ವೇಲ್ಹೆ, ಭೋರ್ ಕಡೆ ಸಹ್ಯಾದ್ರಿಯಿಂದ ಇಳಿಯುವ ಸಣ್ಣ ಹಳ್ಳಗಳಿವೆ. ಮೊಣಕಾಲುದ್ದ ನೀರು, ತಳದ ಕಲ್ಲು ಕಾಣುವಂತಿದ್ದರೆ ಸಾಕು. ಮಳೆ ನಿಂತು ನೀರು ತಿಳಿಯಾದ ಮೇಲೆ, ಅಕ್ಟೋಬರ್ ಕೊನೆಯಿಂದ ಜನವರಿವರೆಗೆ ಒಳ್ಳೆಯ ಕಾಲ. ಆಮೇಲೆ ಎಷ್ಟೋ ಹಳ್ಳಗಳು ಒಣಗಿ ಗುಂಡಿಗಳಷ್ಟೇ ಉಳಿಯುತ್ತವೆ.

ಅಲ್ಲಿ ಮೀನಿಗಿಂತ ಮೊದಲು ಜಾಗವನ್ನು ನೋಡಿ. ಒಂದೇ ಹಳ್ಳದಲ್ಲಿ ಹತ್ತು ಹೆಜ್ಜೆಗೆ ಮೀನು ಬದಲಾಗುತ್ತದೆ. ನೀರು ಸದ್ದು ಮಾಡುತ್ತಾ ಓಡುವ ಕಡೆ ಕಲ್ಲಿನ ಪಾಚಿ ಗಮನಿಸಿ. ಯಾರೋ ಕೆರೆದಂತೆ ಬೋಳಾಗಿದ್ದರೆ ಗರ್ರಾ ಮೀನು ಹತ್ತಿರದಲ್ಲೇ ಇರಬಹುದು. ಅದರ ಬಾಯಿ ತಲೆಯ ಅಡಿಯಲ್ಲಿದೆ. ಬಾಯಿಯ ಹಿಂದಿನ ಬಿಲ್ಲೆಯಂಥ ಭಾಗವನ್ನು ಒತ್ತಿ ಸೆಳೆತದಲ್ಲೂ ಕಲ್ಲಿಗೆ ಅಂಟಿಕೊಂಡಿರುತ್ತದೆ. ಅದೇ ಕಲ್ಲುಗಳ ಸಂದಿಯಲ್ಲಿ ಮೀಸೆಯಿರುವ ಲೋಚ್ ಮೀನುಗಳು ಅಡಗಿರುತ್ತವೆ. ಮೀನು ವಿಜ್ಞಾನಿ ಫ್ರಾನ್ಸಿಸ್ ಡೇ 1872ರಲ್ಲಿ ವರ್ಣಿಸಿದ ಲೋಚ್ ಒಂದು ಪುಣೆಯದೇ. ಮೈಬಣ್ಣ ತಳದ ಬಣ್ಣಕ್ಕೆ ಎಷ್ಟು ಹೊಂದುತ್ತದೆ ಅಂದರೆ, ಅಲ್ಲಾಡುವವರೆಗೂ ಕಾಣುವುದಿಲ್ಲ.

ಸ್ವಲ್ಪ ಕೆಳಗೆ ನೀರು ನಿಧಾನವಾಗಿ ಗುಂಡಿ ಕಟ್ಟಿರುತ್ತದೆ. ಅಲ್ಲಿ ಮೇಲ್ಪದರದಲ್ಲಿ ನೀಲಿ-ಹಳದಿ ಗೆರೆಯ ಡ್ಯಾನಿಯೊ ಮೀನುಗಳ ಗುಂಪು ಸುತ್ತುತ್ತದೆ. ಮಕ್ಕಳಿಗೆ ಬೇಗ ಕಾಣುವುದು ಇದೇ. ದಡದ ಹುಲ್ಲು, ಬೇರುಗಳ ಮಗ್ಗುಲಲ್ಲಿ ಕೊರವ ಜಾತಿಯ ಪುಟ್ಟ ಮೀನೊಂದು ಆಗಾಗ ಗಾಳಿ ಕುಡಿಯಲು ಮೇಲೆ ಬರುತ್ತದೆ. ಅದರಲ್ಲಿ ಗಂಡು ಮೊಟ್ಟೆಗಳನ್ನು ಬಾಯಲ್ಲಿಟ್ಟು ಕಾಯುತ್ತದೆ. ಮಗಳಿಗೆ ಇದನ್ನು ಹೇಳಿ, ಖಂಡಿತ ಖುಷಿಪಡುತ್ತಾಳೆ.

ನೋಡುವುದು ಹೇಗೆ? ಬೆಳಗ್ಗೆ, ನಿಮ್ಮ ನೆರಳು ನೀರಿಗೆ ಬೀಳದ ಕಡೆ, ಸುಮ್ನೆ ಕೂತುಬಿಡಿ. ಹೆಜ್ಜೆಯ ಅದುರಿಗೆ ಓಡಿಹೋದ ಮೀನು ಸ್ವಲ್ಪ ಹೊತ್ತಿಗೆ ವಾಪಸ್ ಬರುತ್ತದೆ. ಪೋಲರಾಯ್ಡ್ ಕನ್ನಡಕ ಹಾಕಿದರೆ ನೀರಿನ ಮೇಲಿನ ಹೊಳಪು ಕಡಿಮೆಯಾಗಿ ತಳ ಚೆನ್ನಾಗಿ ಕಾಣುತ್ತದೆ. ಇದು ನಿಜಕ್ಕೂ ದುಡ್ಡಿಗೆ ತಕ್ಕ ವಸ್ತು. ಕಲ್ಲು ಎತ್ತಿ ನೋಡಿದರೆ ಅದೇ ಜಾಗದಲ್ಲಿ, ಅದೇ ಮಗ್ಗುಲಿಗೆ ಇಡಿ. ಅದರ ಅಡಿಯಲ್ಲಿ ಮೊಟ್ಟೆ ಇರಬಹುದು.

ಮುಳಶಿಯ ಆಚೆಗಿರುವ ತಾಮ್ಹಿಣಿ ಘಾಟ್‌ನ ಒಂದು ಭಾಗ ಅಭಯಾರಣ್ಯ. ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಕೇಳಿಕೊಂಡೇ ಒಳಗೆ ಹೋಗಿ.

ಮೊದಲ ಮಳೆಗೆ ಮೀನುಗಳು ಮೊಟ್ಟೆ ಇಡಲು ಹೊಳೆಯಿಂದ ಹಳ್ಳಕ್ಕೆ, ಗದ್ದೆಗೆ ಹತ್ತುತ್ತವೆ. ನಮ್ಮ ಮಲೆನಾಡಿನಲ್ಲಿ ಹೀಗೆ ಮೇಲೆ ಹತ್ತುವ ‘ಹತ್ತು ಮೀನಿನ’ ಹಾಗೇ. ಆ ದಿನಗಳಲ್ಲಿ ನೀರಿಗಿಳಿಯಬೇಡಿ. ಘಟ್ಟದ ಹಳ್ಳ ಕೆಲವೇ ನಿಮಿಷದಲ್ಲಿ ಉಕ್ಕುತ್ತದೆ. ಬಸುರಿ ಮೀನುಗಳನ್ನು ಹಿಡಿದರೆ ಮುಂದಿನ ವರ್ಷದ ಮರಿಗಳೂ ಹೋದಂತೆ. ದೂರದ ಗದ್ದೆಬದುವಿನ ಮೇಲೆ ನಿಂತು ನೋಡಿದರೆ ಸಾಕು.

ಮನೆಯ ತೊಟ್ಟಿಯ ಮೀನು ಬೇಜಾರಾದರೆ ಹಳ್ಳಕ್ಕೆ ಬಿಡುವ ಅಭ್ಯಾಸ ಇಲ್ಲೂ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಮುಳಾ-ಮುಠೆಯ ನೀರು ಭೀಮೆಗೆ ಸೇರಿ ಉಜನಿ ಅಣೆಕಟ್ಟಿಗೆ ಹೋಗುತ್ತದೆ. ಅಲ್ಲಿ ಈಗಾಗಲೇ ಅಕ್ವೇರಿಯಂನ ಸಕ್ಕರ್ ಮೀನು ಮೀನುಗಾರರ ಬಲೆ ಹರಿಯುತ್ತಿದೆ. ಮುಂದೆ ಅದೇ ಭೀಮೆ ನಮ್ಮ ವಿಜಯಪುರ, ಕಲಬುರಗಿಗೆ ಬರುತ್ತದೆ ಅಲ್ವಾ? ಬೇಡವಾದ ಮೀನನ್ನು ಅಂಗಡಿಗೇ ವಾಪಸ್ ಕೊಡಿ, ಇಲ್ಲವೇ ಸಾಕುವವರಿಗೆ ಕೊಟ್ಟುಬಿಡಿ.